ಗಾಡಿಯನ್ನು ಮಲಗಿಸುವ ಮುನ್ನ

ಎಟಿವಿ, ಅಂದರೆ ಎಲ್ಲ ಬಗೆಯ ನೆಲದ ಮೇಲೂ ಓಡುವ ಗಾಡಿ, ಹುಟ್ಟಿದ್ದೇ ಚಳಿಗಾಲದ ತಾಪತ್ರಯದಿಂದ. 1967ರಲ್ಲಿ ಹೋಂಡಾ ಕಂಪನಿಯ ಅಮೆರಿಕ ಶಾಖೆ ಜಪಾನಿಗೆ ಒಂದು ಕೋರಿಕೆ ಕಳಿಸಿತು. ಚಳಿ ಶುರುವಾದರೆ ಮೋಟಾರ್ ಸೈಕಲ್ ಕೇಳುವವರಿಲ್ಲ, ಆ ತಿಂಗಳುಗಳಲ್ಲೂ ಡೀಲರುಗಳು ಮಾರಬಹುದಾದ ಏನಾದರೂ ಮಾಡಿಕೊಡಿ ಎಂದು. ಎಂಜಿನಿಯರ್ ಒಸಾಮು ತಾಕೆಯುಚಿ ಬಗೆಬಗೆಯ ಚಕ್ರ ಕಟ್ಟಿ ನೋಡಿ, ಕೊನೆಗೆ ಕಡಿಮೆ ಗಾಳಿಯ ದಪ್ಪ ಬಲೂನ್ ಟೈರುಗಳ ಮೂರು ಚಕ್ರದ ಗಾಡಿಯನ್ನು ರೂಪಿಸಿದರು. 1970ರಲ್ಲಿ ಅದು ಮಾರುಕಟ್ಟೆಗೆ ಬಂತು. ಮಿನೆಸೋಟಾ ರಾಜ್ಯದ ರೋಸೋ ಊರಿನಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ತಯಾರಿಸುತ್ತಿದ್ದ ಪೊಲಾರಿಸ್ ಕಂಪನಿ 1985ರಲ್ಲಿ ತನ್ನ ಮೊದಲ ಎಟಿವಿ ತಂದಿತು. ಅದರ ತೊಂದರೆ ತಿರುಗುಮುರುಗು: ಹಿಮ ಕರಗಿದ ಮೇಲೆ ಅದಕ್ಕೆ ವ್ಯಾಪಾರವಿರಲಿಲ್ಲ.

ಇಂದು ಅದೇ ಮಿನೆಸೋಟಾದಲ್ಲಿ ಕೆಲವು ಎಟಿವಿಗಳು ಮುಂದೆ ತಗಡಿನ ಹಲಗೆ ಕಟ್ಟಿಕೊಂಡು ಚಳಿಗಾಲವಿಡೀ ಹಿಮ ತಳ್ಳುತ್ತವೆ. ಮಿಕ್ಕವು ಅಕ್ಟೋಬರ್ ಕೊನೆಗೆ ಶೆಡ್ಡು ಸೇರಿದರೆ ಏಪ್ರಿಲ್‌ವರೆಗೆ ಅಲ್ಲಾಡುವುದಿಲ್ಲ. ನಾನು ಹೇಳಹೊರಟಿರುವುದು ಈ ನಿಂತ ಗಾಡಿಗಳ ವಿಷಯ.

ವಸಂತದಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ಚಳಿಯನ್ನು ಬೈಯುತ್ತಾರೆ. ಚಳಿಯ ತಪ್ಪು ಕಡಿಮೆ. ಒಣ ಚಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಿಧಾನ, ಬ್ಯಾಟರಿಯ ಚಾರ್ಜ್ ಇಳಿಯುವುದೂ ನಿಧಾನ. ಗಾಡಿಯನ್ನು ಕೆಡಿಸುವುದು ನಾವೇ ಅದರೊಳಗೆ ಬಿಟ್ಟುಹೋದ ಸರಕು. ಹಳೆ ಪೆಟ್ರೋಲು, ಕಪ್ಪಾದ ಆಯಿಲ್, ಸಂದುಗೊಂದಿನ ಕೆಸರು, ಎಲ್ಲಕ್ಕಿಂತ ಮುಖ್ಯವಾಗಿ ನೀರು. ಹಾಗಾಗಿ ಚಳಿಗಾಲಕ್ಕೆ ಗಾಡಿ ಸಿದ್ಧಪಡಿಸುವುದೆಂದರೆ ನನ್ನ ಪಾಲಿಗೆ ಮುಕ್ಕಾಲು ಪಾಲು ಶುಚಿಮಾಡುವ ಕೆಲಸ.

ಮೊದಲು ತೊಳೆಯಬೇಕು. ಮೇಲಿನ ಬಣ್ಣ ಹೊಳೆಯುವುದು ಮುಖ್ಯವಲ್ಲ, ಅಡಿಯ ರಕ್ಷಣಾ ತಗಡಿನ ಮೇಲೆ ಕೂತ ಕೆಸರು, ರೇಡಿಯೇಟರಿನ ರೆಕ್ಕೆಗಳ ನಡುವೆ ಸಿಕ್ಕ ಹುಲ್ಲು ಹೊರಬರಬೇಕು. ಪ್ರೆಶರ್ ಪೈಪನ್ನು ಬೇರಿಂಗಿಗೂ ವೈರಿಂಗ್ ಜೋಡಣೆಗಳಿಗೂ ನೇರ ಹಿಡಿದರೆ ಕೆಸರು ಹೋಗಿ ನೀರು ಒಳಸೇರುತ್ತದೆ. ತೊಳೆದ ಮೇಲೆ ಒಂದು ಸುತ್ತು ಓಡಿಸಿ ಒಣಗಿಸಿ. ಆಕ್ಸಲ್ ಕೀಲುಗಳ ರಬ್ಬರ್ ಬೂಟುಗಳಲ್ಲಿ ಬಿರುಕಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಇನ್ನು ಪೆಟ್ರೋಲು. ಹೆಚ್ಚು ಗಾಡಿಗಳು ಮುಗ್ಗರಿಸುವುದು ಇಲ್ಲೇ. ಅಮೆರಿಕದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲಿಗೆ ನೀರಿನ ಆಸೆ ಹೆಚ್ಚು, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತವೆ. ಎಂಜಿನ್ ಹೀರುವುದು ಆ ತಳದಿಂದಲೇ. ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆಯಾದಷ್ಟೂ ಒಳಗೆ ಬರುವ ತೇವ ಕಡಿಮೆ. ಆದ್ದರಿಂದ ಹೊಸ ಪೆಟ್ರೋಲನ್ನು ಕಂಠದ ಹತ್ತಿರದವರೆಗೆ ತುಂಬಿ, ಸ್ಟೆಬಿಲೈಸರ್ ಹಾಕಿ, ಹತ್ತು ನಿಮಿಷ ಎಂಜಿನ್ ಓಡಿಸಬೇಕು. ಓಡಿಸದಿದ್ದರೆ ಔಷಧಿ ಟ್ಯಾಂಕಿನಲ್ಲೇ ಉಳಿದು, ಮುಂದಿನ ಪೈಪುಗಳಲ್ಲಿ ಹಳೆಯದೇ ಕೂತಿರುತ್ತದೆ. ಸ್ಟೆಬಿಲೈಸರ್ ಕೆಡುವುದನ್ನು ತಡಮಾಡುತ್ತದೆಯೇ ಹೊರತು ಕೆಟ್ಟದ್ದನ್ನು ಸರಿಮಾಡುವುದಿಲ್ಲ. ಬೇಸಿಗೆಯಿಂದ ಡಬ್ಬದಲ್ಲಿ ಉಳಿದ ಪೆಟ್ರೋಲಿಗೆ ಅದನ್ನು ಬೆರೆಸುವುದು ದುಡ್ಡು ದಂಡ.

ಕಾರ್ಬ್ಯುರೇಟರ್ ಇರುವ ಗಾಡಿಗೆ ಇನ್ನೊಂದು ಕೆಲಸ ಬಾಕಿ. ಕಾರ್ಬ್ಯುರೇಟರಿನ ಅಡಿಯಲ್ಲಿ ಬೌಲ್, ಬೌಲಿನ ತಳದಲ್ಲೊಂದು ಸಣ್ಣ ಸ್ಕ್ರೂ. ಪೆಟ್ರೋಲ್ ಕಾಕ್ ಮುಚ್ಚಿ, ಕೆಳಗೆ ಗಾಜಿನ ಬಾಟಲಿ ಹಿಡಿದು, ಸ್ಕ್ರೂ ಸಡಿಲಿಸಿದರೆ ಉಳಿದ ಪೆಟ್ರೋಲು ಇಳಿಯುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಗುಂಡಗೆ ಉರುಳಾಡುವ ಹನಿಗಳು ನೀರು, ಕಂದು ಹುಡಿ ತುಕ್ಕು. ಬೌಲಿನಲ್ಲೇ ಬಿಟ್ಟರೆ ಪೆಟ್ರೋಲಿನ ಹಗುರ ಅಂಶವೆಲ್ಲ ಆರಿಹೋಗಿ, ಜೋನಿ ಬೆಲ್ಲದಂಥ ಅಂಟು ಉಳಿಯುತ್ತದೆ. ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರೂ ಇರುವುದಿಲ್ಲ. ಅದು ಕಟ್ಟಿಕೊಂಡರೆ ವಸಂತದಲ್ಲಿ ಚೋಕ್ ಎಳೆದಾಗ ಮಾತ್ರ ಓಡುವ ಗಾಡಿ ನಿಮ್ಮದಾಗುತ್ತದೆ. ಫ್ಯೂಯಲ್ ಇಂಜೆಕ್ಷನ್ ಗಾಡಿಗಳಿಗೆ ಈ ಉಸಾಬರಿ ಇಲ್ಲ, ಟ್ಯಾಂಕ್ ತುಂಬಿಟ್ಟರೆ ಸಾಕು.

ಆಯಿಲನ್ನು ವಸಂತದಲ್ಲಿ ಬದಲಿಸುತ್ತೇನೆ ಎನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಬಳಸಿದ ಆಯಿಲಿನಲ್ಲಿ ಉರಿದ ಪೆಟ್ರೋಲಿನ ಆಮ್ಲ, ನೀರು ಎರಡೂ ಇರುತ್ತವೆ. ಐದಾರು ತಿಂಗಳು ಬೇರಿಂಗುಗಳು ಅದರಲ್ಲಿ ನೆನೆಯುತ್ತ ಕೂರುವುದೇಕೆ? ನಿಲ್ಲಿಸುವ ಮುನ್ನವೇ ಬದಲಿಸಿ, ಹೊಸ ಆಯಿಲ್ ಮೂಲೆಮೂಲೆಗೂ ಹರಿಯುವಂತೆ ಸ್ವಲ್ಪ ಓಡಿಸಿ.

ಹಗ್ಗ ಎಳೆದು ಸ್ಟಾರ್ಟ್ ಮಾಡುವ ಗಾಡಿಯಲ್ಲಿ ಹಳಬರ ಉಪಾಯವೊಂದಿದೆ, ನನಗೆ ಬಹಳ ಪ್ರಿಯವಾದದ್ದು. ಎಂಜಿನ್ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಹಗ್ಗವನ್ನು ಮೆಲ್ಲಗೆ ಎಳೆಯುತ್ತ ಹೋಗಬೇಕು. ಒಂದೆಡೆ ಕೈಗೆ ಬಿಗಿ ಸಿಗುತ್ತದೆ, ಅಲ್ಲೇ ಬಿಟ್ಟುಬಿಡಿ. ಪಿಸ್ಟನ್ ಆಗ ಗಾಳಿ ಒತ್ತುವ ಹಂತದಲ್ಲಿರುತ್ತದೆ, ಎರಡೂ ಬಗೆಯ ವಾಲ್ವುಗಳು ಮುಚ್ಚಿರುತ್ತವೆ. ಸೈಲೆನ್ಸರಿನಿಂದ ಬರುವ ತೇವಕ್ಕೆ ಸಿಲಿಂಡರಿನೊಳಗೆ ದಾರಿಯಿಲ್ಲ, ವಾಲ್ವ್ ಸ್ಪ್ರಿಂಗುಗಳಿಗೂ ವಿಶ್ರಾಂತಿ. ಬಿಡಿಗಾಸು ಖರ್ಚಿಲ್ಲದ ಕೆಲಸ.

ಬ್ಯಾಟರಿಯ ವಿಷಯದಲ್ಲಿ ಚಳಿಗೆ ಒಂದಿಷ್ಟು ಪಾಲಿದೆ. ಪೂರ್ತಿ ಚಾರ್ಜಾದ ಲೆಡ್ ಆಸಿಡ್ ಬ್ಯಾಟರಿಯ ದ್ರಾವಣ ಹೆಪ್ಪುಗಟ್ಟಲು ಸುಮಾರು ಮೈನಸ್ 57 ಡಿಗ್ರಿ ಸೆಲ್ಸಿಯಸ್ ಬೇಕು. ಖಾಲಿಯಾದದ್ದು ಮೈನಸ್ 7ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಡಬ್ಬ ಒಡೆದೀತು. ಮಿನೆಸೋಟಾದ ಅತಿ ಕಡಿಮೆ ಉಷ್ಣಾಂಶ ದಾಖಲಾದದ್ದು 1996ರ ಫೆಬ್ರುವರಿ 2ರಂದು ಟವರ್ ಎಂಬಲ್ಲಿ, ಮೈನಸ್ 51 ಡಿಗ್ರಿ. ಅಂಥ ದಿನವನ್ನೂ ತುಂಬಿದ ಬ್ಯಾಟರಿ ತಡೆದುಕೊಳ್ಳುತ್ತದೆ. ಬಿಚ್ಚಿಟ್ಟು, ತುಂಬಿದೊಡನೆ ತಾನೇ ನಿಲ್ಲುವ ಚಾರ್ಜರಿಗೆ ಹಾಕಿದರೆ ಚಿಂತೆಯಿಲ್ಲ. ಕೂಲಂಟ್ ಕೂಡ ಪರೀಕ್ಷಿಸಿ. ಗ್ಲೈಕಾಲ್, ನೀರು ಅರ್ಧರ್ಧ ಇದ್ದರೆ ಸುಮಾರು ಮೈನಸ್ 37ರವರೆಗೆ ಗಟ್ಟಿಯಾಗುವುದಿಲ್ಲ. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ಬರೀ ಗ್ಲೈಕಾಲ್ ತುಂಬಬೇಡಿ, ನೀರು ಬೆರೆಸದ ಎಥಿಲೀನ್ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ.

ಇಲಿಗಳಿಗೆ ಏರ್ ಫಿಲ್ಟರ್ ಪೆಟ್ಟಿಗೆಗಿಂತ ಬೆಚ್ಚಗಿನ ಮನೆ ಬೇರಿಲ್ಲ. ಫಿಲ್ಟರನ್ನೇ ಕಡಿದು ಹಾಸಿಗೆ ಮಾಡಿಕೊಳ್ಳುತ್ತವೆ, ಜೊತೆಗೆ ವೈರುಗಳನ್ನೂ ಕತ್ತರಿಸುತ್ತವೆ. ಗಾಳಿ ಒಳಬರುವ ಬಾಯಿ, ಬೆಲ್ಟ್ ಪೆಟ್ಟಿಗೆಯ ಕಿಂಡಿ, ಸೈಲೆನ್ಸರಿನ ತುದಿ, ಎಲ್ಲಕ್ಕೂ ಸ್ಟೀಲ್ ವುಲ್ ತುರುಕಿ, ಎಲ್ಲೆಲ್ಲಿ ತುರುಕಿದೆ ಎಂದು ಚೀಟಿ ಬರೆದು ಹ್ಯಾಂಡಲಿಗೆ ಕಟ್ಟಿ. ತೆಗೆಯಲು ಮರೆತು ಸ್ಟಾರ್ಟ್ ಮಾಡಿದರೆ ಆ ತಂತಿಯ ಎಳೆಗಳನ್ನು ಎಂಜಿನ್ ಒಳಗೆಳೆದುಕೊಂಡೀತು.

ಎಲ್ಲಿಡಬೇಕು? ದಿನವೂ ಕಾರು ಬಂದುಹೋಗುವ ಬೆಚ್ಚಗಿನ ಗ್ಯಾರೇಜಿಗಿಂತ ತಣ್ಣಗಿನ ಒಣ ಶೆಡ್ಡೇ ಮೇಲು. ಕಾರಿನ ಜೊತೆ ರಸ್ತೆಯ ಉಪ್ಪು, ಹಿಮ ಒಳಬಂದು ಕರಗುತ್ತವೆ, ಆ ಆವಿ ತಣ್ಣಗಿನ ಲೋಹದ ಮೇಲೆ ಬೆವರಾಗಿ ಕೂರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಸಿದರೆ ಆ ಬೆವರು ಆರುವುದೇ ಇಲ್ಲ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುವ ರೂಢಿಯನ್ನಂತೂ ದಯವಿಟ್ಟು ಬಿಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೊರಹೋಗುತ್ತದೆ. ಐದು ನಿಮಿಷದಲ್ಲಿ ಕಾಯುವುದಿಲ್ಲ, ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಬ್ಯಾಟರಿಯೂ ಸ್ಟಾರ್ಟಿಗೆ ಕೊಟ್ಟಷ್ಟನ್ನು ಮರಳಿ ಪಡೆಯುವುದಿಲ್ಲ. ಮಲಗಿದ ಗಾಡಿಯನ್ನು ಎಬ್ಬಿಸುವುದಾದರೆ ಪೂರ್ತಿ ಎಬ್ಬಿಸಿ ಓಡಿಸಿ, ಇಲ್ಲವೇ ಮುಟ್ಟಬೇಡಿ.

ಸಕಲೇಶಪುರ, ಮಡಿಕೇರಿ ಕಡೆ ಜೂನ್ ಬಂತೆಂದರೆ ಬೈಕನ್ನು ಕೊಟ್ಟಿಗೆಯ ಮೂಲೆಗೆ ನಿಲ್ಲಿಸುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಹೆಪ್ಪುಗಟ್ಟುವ ಭಯವನ್ನು ಬಿಟ್ಟುಬಿಡಿ, ತೇವದ ಭಯವನ್ನು ಇಮ್ಮಡಿ ಮಾಡಿಕೊಳ್ಳಿ. ನಮ್ಮ ಬಂಕ್‌ಗಳ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥೆನಾಲ್ ಇದೆ. ಎಟಿವಿಯ ಟ್ಯಾಂಕ್ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು, ನಮ್ಮ ಬೈಕುಗಳದ್ದು ಹೆಚ್ಚಾಗಿ ಉಕ್ಕಿನದು, ತಳದ ನೀರು ಅದನ್ನೇ ಮೊದಲು ತಿನ್ನುತ್ತದೆ. ಆದ್ದರಿಂದ ನಿಲ್ಲಿಸುವ ಹಿಂದಿನ ದಿನ ಟ್ಯಾಂಕ್ ತುಂಬಿಸಿ, ಚೈನಿಗೆ ಆಯಿಲ್ ಬಿಡಿ, ಟಾರ್ಪಾಲಿನ ಬದಲು ಹಳೆಯ ಹತ್ತಿ ಬಟ್ಟೆ ಹೊದಿಸಿ. ಮಳೆ ಬಿಡುವು ಕೊಟ್ಟ ದಿನ ಅದನ್ನೂ ತೆಗೆದು ಗಾಳಿಗೆ ಬಿಡಿ.