ನಂಜಮ್ಮನ ಮಾತನ್ನೂ ಕೇಳೋಣ

ಶಾಲೆ ಶುರುವಾಗುವ ಹೊತ್ತಿಗೆ ಕನ್ನಡ ಮೇಷ್ಟ್ರುಗಳ ಮೇಜಿನ ಮೇಲೆ ಪಾಠಯೋಜನೆಯ ಪುಸ್ತಕ ಬಂದು ಕೂರುತ್ತದೆ. ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲವನ್ನೂ ತುಂಬಲೇಬೇಕು, ತುಂಬಲಿ. ಆದರೆ ಹದಿಮೂರರ ಮಕ್ಕಳಿಗೆ ಕಥೆಯೊಂದನ್ನು ಬಿಡಿಸಿ ನೋಡಲು, ನೋಡಿದ್ದನ್ನು ಬರೆಯಲು ಕಲಿಸಬೇಕಾದರೆ ಅದಕ್ಕೂ ಮೊದಲಿನ ಒಂದು ತಯಾರಿ ಇದೆ. ಇಬ್ಬರು ಒಳ್ಳೆಯ ಓದುಗರು ಆ ಕಥೆಯ ಯಾವ ಜಾಗದಲ್ಲಿ ಜಗಳವಾಡಬಹುದು ಎಂದು ಹುಡುಕಿಟ್ಟುಕೊಳ್ಳುವುದು. ಆ ಜಾಗ ಸಿಗದೆ ತರಗತಿಗೆ ಹೋದರೆ ಉಳಿಯುವುದು ಸಾರಾಂಶ ಮಾತ್ರ. ಅದನ್ನು ಹೇಳಲು ಗೈಡು ಸಾಕು, ಮೇಷ್ಟ್ರು ಬೇಕಿಲ್ಲ.

ನಾನಾದರೆ ಮಾಸ್ತಿಯವರ ‘ಮೊಸರಿನ ಮಂಗಮ್ಮ’ನಿಂದಲೇ ಶುರುಮಾಡುತ್ತೇನೆ. ಬಿಹಾರದ ಹತ್ತನೇ ತರಗತಿಯ ಹಿಂದಿ ಪಠ್ಯಕ್ಕೂ ಹೋಗಿಬಂದ ಕಥೆ ಇದು. ಮೊಮ್ಮಗನನ್ನು ಸೊಸೆ ಹೊಡೆದಳೆಂದು ಅತ್ತೆ ಕೇಳುತ್ತಾಳೆ, ಮಾತಿಗೆ ಮಾತು ಬೆಳೆಯುತ್ತದೆ, ಮಗ ಹೆಂಡತಿಯ ಕಡೆ ನಿಲ್ಲುತ್ತಾನೆ, ಒಲೆ ಬೇರೆಯಾಗುತ್ತದೆ. ಒಂಟಿಯಾದ ಮಂಗಮ್ಮ ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಅವಳ ಕೈಯಲ್ಲಿರುವ ದುಡ್ಡಿನ ಮೇಲೆ ರಂಗಪ್ಪ ಎಂಬವನ ಕಣ್ಣು ಬೀಳುತ್ತದೆ. ಅಜ್ಜಿ, ಅಮ್ಮ ಇಬ್ಬರೂ ಇರುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆ ವಯಸ್ಸಿಗೆ ನ್ಯಾಯದ ಹುಚ್ಚು ಬೇರೆ. ಕೇಳುವ ಮೊದಲೇ ತೀರ್ಪು ಸಿದ್ಧ. ಆ ಆತುರವನ್ನು ಬಯ್ಯಬಾರದು. ಪಾಠಕ್ಕೆ ಬೇಕಾದ ಬಂಡವಾಳ ಅದೇ.

ಮೊದಲ ಪಿರಿಯಡ್ಡಿನಲ್ಲಿ ರಂಗಪ್ಪನವರೆಗೆ ಗಟ್ಟಿಯಾಗಿ ಓದಿ ನಿಲ್ಲಿಸಬೇಕು. ತಪ್ಪು ಯಾರದು ಎಂದು ಕೇಳಿದರೆ ತರಗತಿಗೆ ತರಗತಿಯೇ ಸೊಸೆಯ ಮೇಲೆ ಬೀಳುತ್ತದೆ. ಆಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಇದನ್ನೆಲ್ಲ ನಮಗೆ ಹೇಳಿದವರು ಯಾರು? ಮೊಸರು ಕೊಳ್ಳುವ ಮನೆಯ ಗೃಹಿಣಿ ಹೇಳಿದಳು, ಅವಳಿಗೆ ಮಂಗಮ್ಮ ಹೇಳಿದ್ದಳು. ಸೊಸೆ ನಂಜಮ್ಮ ಇನ್ನೂ ಬಾಯಿ ತೆರೆದೇ ಇಲ್ಲ! ಮಕ್ಕಳು ಸರಕ್ಕನೆ ಪುಟ ಹಿಂದಕ್ಕೆ ತಿರುವುವುದು ಆಗಲೇ. ನಿರೂಪಣೆ, ದೃಷ್ಟಿಕೋನ ಎಂಬ ದೊಡ್ಡ ಮಾತುಗಳನ್ನು ಬೋರ್ಡಿನ ಮೇಲೆ ಬರೆಯುವುದಾದರೆ ಆಮೇಲೆ ಬರೆಯಿರಿ. ಗಂಡಸಾದ ಮಾಸ್ತಿ ಇಡೀ ಕಥೆಯನ್ನು ಹೆಂಗಸೊಬ್ಬಳ ಬಾಯಲ್ಲಿ ಯಾಕೆ ಹೇಳಿಸಿದರು ಎಂದೂ ಯಾರಾದರೂ ಕೇಳಬಹುದು. ಕೇಳಿದರೆ ಆ ದಿನ ಸಾರ್ಥಕ.

ಎರಡನೆಯ ಪಿರಿಯಡ್ಡು ನಂಜಮ್ಮನದು. ಅತ್ತೆಯ ದುಡ್ಡು ರಂಗಪ್ಪನ ಪಾಲಾಗುವ ಹಾಗಿದೆ ಎಂದು ತಿಳಿದು ಮಗುವನ್ನು ಅಜ್ಜಿಯ ಹತ್ತಿರ ಕಳಿಸಿದವಳೇ ಅವಳು. ಇದು ಲೆಕ್ಕಾಚಾರವೋ, ಮನೆ ಉಳಿಸುವ ಜಾಣತನವೋ? ಇಲ್ಲಿ ತರಗತಿ ಎರಡಾಗುತ್ತದೆ. ಮೇಷ್ಟ್ರು ಯಾವ ಕಡೆಗೂ ವಾಲಬಾರದು.

ಬರವಣಿಗೆ ಶುರುವಾಗಬೇಕಾದ್ದು ಈ ಬಿಸಿಯಲ್ಲೇ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಚೌಕಟ್ಟು ಪ್ರಬಂಧಕ್ಕೆ ಇರಲಿ. ಇಲ್ಲಿ ಒಂದು ಪ್ಯಾರಾ ಸಾಕು. ನಿನಗೆ ಅನ್ನಿಸಿದ್ದೇನು, ಕಥೆಯಲ್ಲಿ ಅದಕ್ಕೆ ಆಧಾರ ಎಲ್ಲಿದೆ, ಆ ಆಧಾರದಿಂದ ಈ ಮಾತು ಹೇಗೆ ಹೊರಟಿತು. ಮೂರನೆಯದೇ ಕಷ್ಟ, ಮಕ್ಕಳು ಜಾರಿಕೊಳ್ಳುವುದೂ ಅಲ್ಲೇ. ಸಂದರ್ಭ ಬರೆದು, ‘ಈ ಮಾತು ಸ್ವಾರಸ್ಯಪೂರ್ಣವಾಗಿದೆ’ ಎಂದು ಮುಗಿಸಿ ಅಂಕ ಗಿಟ್ಟಿಸುವ ಅಭ್ಯಾಸ ನಾವೇ ಕಲಿಸಿದ್ದು. ಅದನ್ನು ಬಿಡಿಸಬೇಕಾದವರೂ ನಾವೇ.

ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊದಲು ಬರೆದದ್ದು ಎರಡೇ ಪದ: ‘ನಂಜಮ್ಮ ಸ್ವಾರ್ಥಿ.’ ಪಕ್ಕದ ಅಂಚಿನಲ್ಲಿ ಅವಳ ಟೀಚರ್ ಬರೆದದ್ದೂ ಎರಡೇ: ‘ಯಾವುದರಿಂದ ಗೊತ್ತಾಯಿತು?’ ಮಾರನೆಯ ದಿನ ಅದು ಹೀಗಾಗಿತ್ತು: ‘ನಂಜಮ್ಮ ಮಗುವನ್ನು ಕಳಿಸಿದ್ದು ದುಡ್ಡು ಬೇರೆಯವರಿಗೆ ಹೋಗದಿರಲಿ ಅಂತ. ಆದರೆ ಅದನ್ನು ಅವಳು ಮುಚ್ಚಿಡಲಿಲ್ಲ, ತಾನೇ ಹೇಳಿದಳು. ಹಾಗಾಗಿ ಸ್ವಾರ್ಥಿ ಇರಬಹುದು, ಸುಳ್ಳುಗಾತಿ ಅಲ್ಲ.’ ಕೊನೆಯ ವಾಕ್ಯ ಯಾವ ಗೈಡಿನಲ್ಲೂ ಇಲ್ಲ. ಹುಡುಗಿ ಕಥೆಯೊಳಗೆ ಹೋಗಿ ತಂದದ್ದು. ಆ ಪುಟದಲ್ಲಿ ಮಹಾಪ್ರಾಣಗಳು ಮೂರು ಕಡೆ ಬಿಟ್ಟುಹೋಗಿದ್ದವು. ಟೀಚರ್ ಅವಕ್ಕೆ ಅವತ್ತು ಕೆಂಪು ಶಾಯಿ ಹಾಕಲಿಲ್ಲ. ಆ ಕೆಲಸಕ್ಕೆ ಬೇರೆ ದಿನ ಇಟ್ಟುಕೊಂಡರು. ನನಗೆ ಅವರ ವಿವೇಕ ಬಹಳ ಹಿಡಿಸಿತು. ಹೊಸ ಯೋಚನೆಯೊಂದು ತಲೆ ಎತ್ತುವಾಗಲೇ ಕಾಗುಣಿತದ ತಪ್ಪು ಎಣಿಸಿದರೆ, ಮುಂದಿನ ಸಲ ಆ ಮಗು ತಪ್ಪಾಗದ ಎರಡು ಪದಗಳನ್ನಷ್ಟೇ ಬರೆಯುತ್ತದೆ.

ತಯಾರಿಯಲ್ಲಿ ಇನ್ನೆರಡು ಕೆಲಸ ಉಳಿದಿವೆ. ಮಂಗಮ್ಮನ ಮಾತನ್ನು ಮನೆಯಲ್ಲಿ ಬಾಯಿಬಿಟ್ಟು ಓದಿ ರೂಢಿ ಮಾಡಿಕೊಳ್ಳಬೇಕು; ಅವಳದು ಆಡುಮಾತು, ಅದನ್ನು ಗ್ರಂಥದ ರಾಗದಲ್ಲಿ ಎಳೆದರೆ ಅವಳು ಅಲ್ಲಿಗೇ ಸತ್ತಳು. ಮಕ್ಕಳಿಗೆ ಕೊಡುವ ಪ್ರಶ್ನೆಗೆ ಮೇಷ್ಟ್ರು ತಾವೂ ಒಂದು ಪ್ಯಾರಾ ಉತ್ತರ ಬರೆಯಬೇಕು. ಅದನ್ನು ತರಗತಿಯಲ್ಲಿ ಓದಿ, ಆಧಾರವಿಲ್ಲದೆ ನಿಂತ ವಾಕ್ಯ ಯಾವುದು ಎಂದು ಮಕ್ಕಳ ಕೈಯಲ್ಲೇ ಹುಡುಕಿಸಬೇಕು.