ರಾಜ್ಯಶಾಸ್ತ್ರದ ಉನ್ನತ ಅಧ್ಯಯನ: ಪ್ರವೇಶದ ಅಳತೆಗೋಲು ಮತ್ತು ಪ್ರಾದೇಶಿಕ ಅರಿವು

ಗಂಗಾವತಿ ಪರಿಸರದ ಪದವೀಧರರಿಗೆ ರಾಜ್ಯಶಾಸ್ತ್ರದ ಉನ್ನತ ಅಧ್ಯಯನವು ಬಹುಕಾಲ ದೂರದ ಮಾತಾಗಿತ್ತು. 1980ರಲ್ಲಿ ಗುಲಬರ್ಗಾ, 2010ರಲ್ಲಿ ಬಳ್ಳಾರಿ, 2023ರಲ್ಲಿ ಕೊಪ್ಪಳ ಹೀಗೆ ವಿಶ್ವವಿದ್ಯಾಲಯವು ಹಂತಹಂತವಾಗಿ ಸಮೀಪಕ್ಕೆ ಬಂದಿತು. ಸಂವಿಧಾನದ 371(ಜೆ) ವಿಧಿಯು ಈ ಭಾಗದವರಿಗೆ ಶಿಕ್ಷಣದಲ್ಲಿ ಮೀಸಲಾತಿಗೆ ಅವಕಾಶ ಕಲ್ಪಿಸಿತು. ಆದರೆ ದಾರಿಯ ದೂರ ಕುಗ್ಗಿದ ಮಾತ್ರಕ್ಕೆ ಅರಿವಿನ ಅಂತರ ಕುಗ್ಗಿತೆಂದು ಭಾವಿಸಲಾಗದು.

ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಪಿಎಚ್.ಡಿ. ಪ್ರವೇಶಕ್ಕೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕಗಳು ಬೇಕು; ಪರಿಶಿಷ್ಟ ಜಾತಿ, ಪಂಗಡ ಮೊದಲಾದವರಿಗೆ ಶೇ. 5ರ ರಿಯಾಯಿತಿಯುಂಟು. ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಭಾಗ ಸಂಶೋಧನಾ ವಿಧಾನಕ್ಕೆ, ಅರ್ಧ ಭಾಗ ವಿಷಯಕ್ಕೆ ಮೀಸಲು. ಆಯ್ಕೆಯಲ್ಲಿ ಲಿಖಿತ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30ರ ಪ್ರಾಶಸ್ತ್ಯವಿದೆ. ಲಿಖಿತ ಅಂಕವು ಶಿಫಾರಸನ್ನು ತಡೆಯುತ್ತದೆ. ಆ ಕಾರಣಕ್ಕೇ ಮೊದಲ ತಲೆಮಾರಿನ ವಿದ್ಯಾವಂತರಿಗೆ ಅದು ಆಸರೆಯೂ ಹೌದು. ಅದನ್ನು ಕೈಬಿಡುವುದು ಪರಿಹಾರವಲ್ಲ.

ಕೊರತೆಯಿರುವುದು ಅಳತೆಗೋಲು ತಲುಪದ ಎಡೆಯಲ್ಲಿ. 1858ರಲ್ಲಿ ಮುಂಡರಗಿ ಭೀಮರಾಯ ಹೋರಾಡಿ ಮಡಿದ ಕೊಪ್ಪಳದ ಕೋಟೆ, 1948ರ ಸೆಪ್ಟೆಂಬರಿನಲ್ಲಿ ಕೊನೆಗೊಂಡ ನಿಜಾಮರ ಆಳ್ವಿಕೆ, 1956ರ ಏಕೀಕರಣ ಇವೆಲ್ಲ ಅಧಿಕಾರ ಮತ್ತು ಪ್ರತಿರೋಧಗಳ ಅಧ್ಯಯನಕ್ಕೆ ಮೂಲ ಸಾಮಗ್ರಿಗಳು. ಇವುಗಳ ಮೌಖಿಕ ನೆನಪು ಜಾನಪದಕ್ಕೆ ಮಾತ್ರ ಸೇರಿದ್ದೆಂದು ರಾಜ್ಯಶಾಸ್ತ್ರ ಬದಿಗಿಟ್ಟರೆ ನಷ್ಟ ಎರಡೂ ಶಾಸ್ತ್ರಗಳಿಗೆ. ಸಂದರ್ಶನದ ಶೇ. 30ರಲ್ಲಿ ಕ್ಷೇತ್ರಪರಿಚಯಕ್ಕೂ ಹೇಳಿಕೆಗಳನ್ನು ಪರಿಶೀಲಿಸುವ ಶಕ್ತಿಗೂ ಸ್ಪಷ್ಟವಾದ, ಮೊದಲೇ ಪ್ರಕಟವಾದ ಮಾನದಂಡವಿರುವುದು ಅಗತ್ಯ. ಊರಿನ ಹಿರಿಯರ ಮಾತನ್ನು ಆಧಾರವಾಗಿ ಒರೆಹಚ್ಚಬಲ್ಲ ವಿದ್ಯಾರ್ಥಿಗೆ ಆಗ ಹತ್ತಿರದ ವಿಶ್ವವಿದ್ಯಾಲಯವು ನಿಜಕ್ಕೂ ಹತ್ತಿರವಾದೀತು.