ಕಂಬಂನ ದೇವರ ದನಗಳಿಗೆ ಯಾವ ಮಾನ್ಯತೆ?

ಊರ ಹಬ್ಬವೊಂದಕ್ಕೆ ಸರ್ಕಾರದ ಮಾನ್ಯತೆ ಸಿಕ್ಕರೆ ಪರಂಪರೆ ಉಳಿಯಿತು ಎಂದು ನಂಬುವುದು ನಮ್ಮಲ್ಲಿ ರೂಢಿ. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂನಲ್ಲಿ ಮಾಟ್ಟು ಪೊಂಗಲ್ ದಿನ ನಂದಗೋಪಾಲಸ್ವಾಮಿಯ ದನದ ದೊಡ್ಡಿಯಲ್ಲಿ ನಡೆಯುವ ಪೂಜೆಯ ಬಗೆಗೂ ಇದೇ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಆ ಹಬ್ಬದ ಮೇಲೆ ನನಗೂ ಅಕ್ಕರೆಯಿದೆ. ಆದರೆ ಈ ಮಾತನ್ನು ಮಾತ್ರ ಒಪ್ಪಲಾರೆ. ಹಬ್ಬದ ದಿನವನ್ನಷ್ಟೇ ಗುರುತಿಸಿ ದನಗಳ ಮೇವನ್ನು ಮರೆಯುವ ಮಾನ್ಯತೆಯಿಂದ ಉಳಿಯುವುದು ಜಾತ್ರೆ, ಮಂದೆಯಲ್ಲ.

ಮನೆಯಲ್ಲಿ ಕನ್ನಡವಾಡುವ ಇಲ್ಲಿನ ಒಕ್ಕಲಿಗ ಕಾಪ್ಪಿಲಿಯರ ಈ ಮಂದೆ ದಾಖಲೆಗೆ ಹೊಸದಲ್ಲ. 1906ರ ಮದುರಾ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಇದನ್ನು ವಿವರಿಸಿದ್ದಾನೆ. ಕನ್ನಡದಲ್ಲಿ ದೇವರ ಆವು, ತಮಿಳಿನಲ್ಲಿ ತಂಬಿರಾನ್ ಮಾಡು. ಭಕ್ತರು ಒಪ್ಪಿಸುವ ಕರುಗಳಿಂದ ಬೆಳೆಯುವ ಮಂದೆ. ಅದರ ಒಡೆಯ ಪಟ್ಟದ ಹೋರಿ. ಹೊಸ ಹೋರಿಯನ್ನು ಆರಿಸುವಾಗ ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವುದು ಮೊದಲು ಹತ್ತಿರ ಬರುತ್ತದೋ ಅದಕ್ಕೆ ಪಟ್ಟ. ಇಲ್ಲಿ ಹಬ್ಬ ಮಂದೆಯ ಬೆನ್ನಿಗೆ ಬಂದದ್ದು. ವರ್ಷವಿಡೀ ಮೇಯುವ ದನಗಳಿಲ್ಲದೆ ಆ ಒಂದು ದಿನಕ್ಕೆ ಅರ್ಥವಿಲ್ಲ.

ಜಲ್ಲಿಕಟ್ಟು ಉಳಿದದ್ದು ಮಾನ್ಯತೆಯಿಂದಲೇ ಅಲ್ಲವೇ ಎಂದು ಕೇಳಬಹುದು. ನಿಜ. 2014ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು, 2017ರಲ್ಲಿ ತಮಿಳುನಾಡು ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆಟ ಉಳಿದದ್ದರಿಂದ ಹೋರಿಗಳಿಗೆ ಬೆಲೆಯೂ ಉಳಿಯಿತು ಎಂಬ ಸಾಕಣೆದಾರರ ವಾದದಲ್ಲಿ ಹುರುಳಿದೆ. ಆದರೆ ಆ ಕಾನೂನು ಹೇಳುವುದು ಜನವರಿಯಿಂದ ಮೇ ತಿಂಗಳವರೆಗಿನ ದಿನಗಳನ್ನು, ಅಧಿಸೂಚಿತ ಸ್ಥಳಗಳನ್ನು. ಹುಲ್ಲುಗಾವಲಿನ ಮಾತು ಅದರಲ್ಲಿಲ್ಲ. ಇತ್ತ 2021ರಲ್ಲಿ ಕಂಬಂ ಕಣಿವೆಯ ಬದಿಯ ಬೆಟ್ಟಗಳನ್ನೊಳಗೊಂಡ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಮೀಸಲು ಪ್ರದೇಶ ಘೋಷಣೆಯಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ರಾಜ್ಯದ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ತಡೆದು, ಅದೇ ತಿಂಗಳು ಆ ಆದೇಶವನ್ನು ಹುಲಿ ಮೀಸಲು, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. ಕಣಿವೆಯ ಮಲೆಮಾಡುಗಳಿಗೆ, ಅಂದರೆ ಬೆಟ್ಟದಲ್ಲಿ ಮೇಯುವ ದನಗಳಿಗೆ, ಹೊಡೆತ ಬಿದ್ದದ್ದು ಇಲ್ಲಿ.

ಕನ್ನಡ ಓದುಗರಿಗೆ ಇದು ದೂರದ ಕಥೆಯಲ್ಲ. ಅಮೃತಮಹಲ್ ತಳಿಯನ್ನು ಕೊಂಡಾಡುತ್ತಲೇ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಕೊಟ್ಟವರು ನಾವು. ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುವ ಸೀಮೆಯೂ ಅದೇ. ಹೆಸರಿಗೆ ಗೌರವ, ನೆಲಕ್ಕೆ ಬೇರೆ ಒಡೆಯರು. ಕಂಬಂಗೆ ಮರಳಿದರೆ, 2023ರಲ್ಲಿ ಅಲ್ಲಿನ ಪನ್ನೀರ್ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ದ್ರಾಕ್ಷಿಗೆ ಅದು ಒಪ್ಪುತ್ತದೆ, ಏಕೆಂದರೆ ತೋಟ ಬೆಳೆಗಾರನ ಕೈಯಲ್ಲೇ ಇದೆ. ಮೇಯುವ ಮಂದೆಗೆ ಆ ಭಾಗ್ಯವಿಲ್ಲ.

ಕಾಡಿನ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಮಿತಿಮೀರಿ ಮೇಯಿಸಿದರೆ ಕಾಡು ಸೊರಗುತ್ತದೆ, ಸಾಕುದನದ ರೋಗ ಕಾಡುಪ್ರಾಣಿಗೆ ದಾಟುತ್ತದೆ. ಆದರೆ ಮಿತಿ ಹಾಕುವುದು ಬೇರೆ, ಬಾಗಿಲು ಮುಚ್ಚುವುದು ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನು, ವಲಸೆ ಮೇಯಿಸುವಿಕೆಯನ್ನೂ ಸೇರಿಸಿ, ಹೆಸರಿಸಿಯೇ ಮಾನ್ಯಮಾಡುತ್ತದೆ. ಅದರ ನಿಯಮಗಳು ಗೆಜೆಟಿಯರನ್ನು ಸಾಕ್ಷ್ಯವಾಗಿ ಸ್ವೀಕರಿಸುತ್ತವೆ. ಫ್ರಾನ್ಸಿಸನ ಪುಟ ಮಂದೆಯ ಇತಿಹಾಸಕ್ಕೆ ಸಾಕ್ಷಿ; ದನ ಯಾವ ಇಳಿಜಾರಿನಲ್ಲಿ, ಯಾವ ತಿಂಗಳು ಮೇಯುತ್ತಿತ್ತು ಎಂಬುದನ್ನು ದನಗಾಹಿಗಳ ಬಾಯಿಂದಲೇ ಬರೆದುಕೊಳ್ಳಬೇಕು. ಮೂರು ತಲೆಮಾರಿನಿಂದ ಕಾಡನ್ನು ನಂಬಿ ಬಾಳಿದ್ದನ್ನು ತೋರಿಸಬೇಕೆಂಬ ಕಾಯ್ದೆಯ ನಿಬಂಧನೆ ದಾಟುವುದು ಸುಲಭವಲ್ಲ. ಆದರೂ ಬೇಡಿಕೆ ಇಡಬೇಕಾದದ್ದು ಆ ಕಾಯ್ದೆಯಡಿಯಲ್ಲೇ. ಪ್ರವಾಸೋದ್ಯಮ ಇಲಾಖೆ ಕೊಡಬಲ್ಲದ್ದು ಶಾಮಿಯಾನ, ವೇದಿಕೆ, ಪ್ರಮಾಣಪತ್ರ. ಪಟ್ಟದ ಹೋರಿಗೆ ಇವುಗಳಿಂದ ಹೊಟ್ಟೆ ತುಂಬುವುದಿಲ್ಲ.